ಟಿಕೆಟ್ ಹರಿಯದ ಲಂಡನ್ ಬಸ್: ರಾಯಚೂರಿನ ನಿವೃತ್ತ ಕಂಡಕ್ಟರ್ ಕಂಡಂತೆ

ಲಂಡನ್ನಿನ ಸಿಟಿ ಬಸ್ಸಿನಲ್ಲಿ ನೋಟು, ನಾಣ್ಯ ನಡೆಯುವುದಿಲ್ಲ. 2014ರ ಜುಲೈನಲ್ಲೇ ಅದನ್ನು ನಿಲ್ಲಿಸಿದ್ದಾರೆ. ಮುಂಬಾಗಿಲಿನಿಂದ ಹತ್ತಬೇಕು, ಡ್ರೈವರ್ ಪಕ್ಕದಲ್ಲಿರುವ ಹಳದಿ ಬಣ್ಣದ ದುಂಡು ಮಷಿನ್‌ಗೆ ಬ್ಯಾಂಕ್ ಕಾರ್ಡ್ ತಾಗಿಸಬೇಕು, ಒಳಗೆ ಹೋಗಿ ಕೂರಬೇಕು. ಟಿಕೆಟ್ ಬರುವುದಿಲ್ಲ. ಎಲ್ಲಿಗೆ ಹೋಗಬೇಕು ಅಂತ ಯಾರೂ ಕೇಳುವುದಿಲ್ಲ.

ನಾನು ರಾಯಚೂರಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಟಿಕೆಟ್ ಕಟ್ಟು ಹಿಡಿದು ಪಂಚ್ ಹೊಡೆಯುತ್ತಿದ್ದ ಕಾಲವನ್ನೂ ಕಂಡಿದ್ದೇನೆ, ಟಿಕೆಟ್ ಮಷಿನ್ ಕೊರಳಿಗೆ ಬಂದ ಕಾಲವನ್ನೂ ಕಂಡಿದ್ದೇನೆ. 2025ರ ಬೇಸಿಗೆಯಲ್ಲಿ ನಾನು, ನಮ್ಮ ಮನೆಯವರು ಲಂಡನ್ನಿಗೆ ಮಗನ ಮನೆಗೆ ಹೋದೆವು. ಬರುವಾಗ ದುಬೈನಲ್ಲಿ ಅಣ್ಣನ ಮಗನ ಹತ್ತಿರ ಇದ್ದು ಬಂದೆವು. ಅರಮನೆ, ದೊಡ್ಡ ಗಡಿಯಾರ ಎಲ್ಲ ನೋಡಿದೆವು. ಆದರೂ ನನ್ನ ಕಣ್ಣು ಹೋಗುತ್ತಿದ್ದದ್ದು ಬಸ್ಸಿನ ಕಡೆಗೇ. ದುಡ್ಡು ಹೇಗೆ ವಸೂಲು ಮಾಡುತ್ತಾರೆ, ಯಾರಿಗೆ ಎಷ್ಟು ಬೀಳುತ್ತದೆ, ಟಿಕೆಟ್ ಇಲ್ಲದವರನ್ನು ಹೇಗೆ ಹಿಡಿಯುತ್ತಾರೆ ಅನ್ನುವುದನ್ನು ನೋಡುವುದೇ ನನಗೆ ಇಷ್ಟ. ನಮ್ಮ ಕಡೆಯಿಂದ ಮಕ್ಕಳನ್ನು ನೋಡಲು ಹೊರದೇಶಕ್ಕೆ ಹೋಗುವ ಅಪ್ಪ ಅಮ್ಮಂದಿರು ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ದರಗಳೆಲ್ಲ ನಾವು ಹೋದಾಗಿನವು.

ಮೊದಲು ಬಸ್ಸಿನ ಲೆಕ್ಕ. ಒಂದು ಸಲ ಹತ್ತಿದರೆ 1.75 ಪೌಂಡ್, ನಮ್ಮ ದುಡ್ಡಿನಲ್ಲಿ ಸುಮಾರು 200 ರೂಪಾಯಿ. ಮುಂದಿನ ಸ್ಟಾಪಿನಲ್ಲಿ ಇಳಿದರೂ ಅಷ್ಟೇ, ಕೊನೆಯ ಸ್ಟಾಪಿನವರೆಗೆ ಹೋದರೂ ಅಷ್ಟೇ. ಸ್ಟೇಜ್ ಅನ್ನುವುದೇ ಇಲ್ಲ. ಹಾಗಾಗಿ ಇಳಿಯುವಾಗ ಕಾರ್ಡ್ ತಾಗಿಸುವ ಕೆಲಸವೂ ಇಲ್ಲ. ಹತ್ತುವಾಗ ಒಂದೇ ಸಲ. ನಮ್ಮ ಮನೆಯವರು ಮೊದಲ ದಿನ ಕಾರ್ಡ್ ತಾಗಿಸಿ, ಮಷಿನ್ ಮುಂದೆಯೇ ನಿಂತು, ‘ನನ್ನ ಟಿಕೆಟ್ ಎಲ್ಲದ್ರಿ?’ ಅಂತ ಕೇಳಿದರು. ಅವರು ಕೇಳಿದ್ದು ಸರಿಯೇ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ದುಡ್ಡಿಲ್ಲದಿದ್ದರೂ ಶೂನ್ಯ ಟಿಕೆಟ್ ಅಂತ ಒಂದು ಚೀಟಿ ಕೈಗೆ ಬಂದೇ ಬರುತ್ತದೆ. ಕೈಯಲ್ಲಿ ಚೀಟಿ ಇದ್ದರೆ ಧೈರ್ಯ, ಅಲ್ವಾ?

ಮೊದಲ ಟ್ಯಾಪಿನಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಅದೇ 1.75 ಪೌಂಡ್. 2016ರಲ್ಲಿ ಶುರುವಾದಾಗ ಒಂದೇ ಸಲ ಬದಲಾಯಿಸಲು ಬಿಡುತ್ತಿದ್ದರು, 2018ರಿಂದ ಎಷ್ಟು ಸಲವಾದರೂ ಬದಲಾಯಿಸಬಹುದು. ಹಾಪರ್ ಅಂತ ಅದರ ಹೆಸರು. ಮಗನ ಮನೆ ಹೌನ್ಸ್ಲೋದಲ್ಲಿ. ಅಲ್ಲಿಂದ 120ನೇ ನಂಬರಿನ ಬಸ್ ಸೌತಾಲ್‌ಗೆ ಹೋಗುತ್ತದೆ. ಸೌತಾಲ್‌ನಲ್ಲಿ ನಮ್ಮ ದೇಶದವರ ಅಂಗಡಿಗಳು ಸಾಲುಸಾಲು ಇವೆ. ಜೋಳದ ಹಿಟ್ಟೂ ಸಿಗುತ್ತದೆ. ರೊಟ್ಟಿ ಇಲ್ಲದೆ ನಮ್ಮ ಮನೆಯವರಿಗೆ ಊಟ ಸೇರುವುದಿಲ್ಲ. ಅಂಗಡಿ ಯಾವುದು ಅಂತ ಗೊತ್ತಾದ ಮೇಲೆ ಹೋಗಿ, ಹಿಟ್ಟು, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ ತೆಗೆದುಕೊಂಡು, ಗಂಟೆ ತುಂಬುವ ಮೊದಲೇ ವಾಪಸ್ ಬಸ್ ಹತ್ತಿದೆವು. ಹೋಗಿ ಬಂದದ್ದಕ್ಕೆ ತಲೆಗೆ ಒಂದೇ ಚಾರ್ಜು. ಎರಡನೇ ಬಸ್ಸಿನಲ್ಲೂ ಕಾರ್ಡ್ ತಾಗಿಸಲೇಬೇಕು. ದುಡ್ಡು ಬೀಳಬೇಕೋ ಬೇಡವೋ ಅಂತ ಅವರ ಕಂಪ್ಯೂಟರೇ ಲೆಕ್ಕ ಹಾಕುತ್ತದೆ.

ಈಗ ನನಗೆ ಎಲ್ಲಕ್ಕಿಂತ ಹಿಡಿಸಿದ ವಿಷಯಕ್ಕೆ ಬರುತ್ತೇನೆ. ಅದು ದಿನದ ಮಿತಿ. ಬಸ್ಸಿನಲ್ಲಷ್ಟೇ ಓಡಾಡಿದರೆ ಒಂದು ದಿನಕ್ಕೆ 5.25 ಪೌಂಡಿಗಿಂತ ಒಂದು ಪೆನ್ನಿ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಅಂದರೆ ಮೂರು ಸಲದ ಚಾರ್ಜು. ಆಮೇಲೆ ರಾತ್ರಿವರೆಗೆ ಎಷ್ಟು ಸಲ ಹತ್ತಿದರೂ ಬಿಟ್ಟಿ. ದಿನ ಅಂದರೆ ಬೆಳಗಿನ ಜಾವ ನಾಲ್ಕೂವರೆಯಿಂದ ಮರುದಿನ ನಾಲ್ಕೂವರೆಯವರೆಗೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವವರ ಓಡಾಟವೂ ಅದೇ ದಿನದ ಲೆಕ್ಕಕ್ಕೆ ಸೇರುತ್ತದೆ. ವಾರಕ್ಕೂ ಹೀಗೇ ಒಂದು ಮಿತಿ ಇದೆ. ಸೋಮವಾರದಿಂದ ಭಾನುವಾರದವರೆಗೆ ಬಸ್ಸಿಗೆ 24.70 ಪೌಂಡ್. ದಿನಾ ಮಿತಿ ಮುಟ್ಟುವಷ್ಟು ಓಡಾಡುವವರಿಗೆ ಐದನೇ ದಿನವೇ ವಾರದ ದುಡ್ಡು ಮುಗಿಯುತ್ತದೆ. ಉಳಿದದ್ದು ಪುಕ್ಕಟೆ.

ಇದು ಪಾಸ್ ಇದ್ದ ಹಾಗೇ ಅಲ್ವಾ ಅಂತ ಕೇಳಬಹುದು. ವ್ಯತ್ಯಾಸ ಇದೆ, ಅದು ದೊಡ್ಡ ವ್ಯತ್ಯಾಸ. ನಮ್ಮಲ್ಲೂ ತಿಂಗಳ ಪಾಸ್ ಇದೆ. ದಿನಾ ಟಿಕೆಟ್ ತೆಗೆಸುವುದಕ್ಕಿಂತ ಪಾಸ್ ಅಗ್ಗ ಅಂತ ಎಲ್ಲರಿಗೂ ಗೊತ್ತು. ಆದರೆ ತಿಂಗಳ ಮೊದಲಿಗೇ ಒಂದೇ ಕಂತಿನಲ್ಲಿ ದುಡ್ಡು ಕಟ್ಟಬೇಕು. ಮಾನ್ವಿ, ಪೋತ್ನಾಳ ಕಡೆಯಿಂದ ರಾಯಚೂರಿಗೆ ಗಾರೆ ಕೆಲಸಕ್ಕೆ, ಮಿಲ್ಲಿಗೆ ಬರುವ ಎಷ್ಟೋ ಗಂಡಾಳುಗಳನ್ನು ನಾನು ಸರ್ವಿಸಿನ ಉದ್ದಕ್ಕೂ ನೋಡಿದ್ದೇನೆ. ಅವರ ಹತ್ತಿರ ಒಂದೇ ಸಲಕ್ಕೆ ಅಷ್ಟು ದುಡ್ಡು ಇರುವುದಿಲ್ಲ. ಅವತ್ತಿನ ಕೂಲಿಯಲ್ಲಿ ಅವತ್ತಿನ ಟಿಕೆಟ್. ನಾಳೆ ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದವರು ತಿಂಗಳ ಪಾಸ್ ಯಾವ ಧೈರ್ಯದ ಮೇಲೆ ಮಾಡಿಸುತ್ತಾರೆ? ಸಂಬಳದವರು ಪಾಸ್ ತೋರಿಸಿ ಕಡಿಮೆ ದುಡ್ಡಲ್ಲಿ ಹೋಗುತ್ತಾರೆ. ಕೂಲಿಯವರು ದಿನಾ ಪೂರ್ತಿ ಚಾರ್ಜು ಕೊಡುತ್ತಾರೆ. ಇದ್ದವರಿಗೆ ಅಗ್ಗ, ಇಲ್ಲದವರಿಗೆ ತುಟ್ಟಿ. ಟಿಕೆಟ್ ಕೊಡುವಾಗ ನನಗೆ ಇದು ಮನಸ್ಸಿಗೆ ಚುಚ್ಚುತ್ತಿತ್ತು.

ಲಂಡನ್ನಿನ ಮಿತಿ ಈ ಗಂಟನ್ನು ಬಿಡಿಸಿದೆ. ಮೊದಲೇ ಯಾವ ದುಡ್ಡೂ ಕಟ್ಟಬೇಕಿಲ್ಲ. ನಾನು ಈ ವಾರ ಎಷ್ಟು ಸಲ ಓಡಾಡುತ್ತೇನೆ ಅಂತ ಮುಂಚೆಯೇ ಅಂದಾಜು ಮಾಡಬೇಕಿಲ್ಲ. ಹತ್ತಿದಷ್ಟಕ್ಕೇ ದುಡ್ಡು, ಮಿತಿ ಮುಟ್ಟಿದರೆ ತಾನಾಗಿಯೇ ಪಾಸ್ ಆದಂತೆ. ವಾರದಲ್ಲಿ ಎರಡು ದಿನ ಕೆಲಸ ಸಿಗದೆ ಮನೆಯಲ್ಲಿ ಕೂತರೆ ಆ ಎರಡು ದಿನದ ನಷ್ಟ ಇಲ್ಲ. ಕಾರ್ಡು, ಹಳದಿ ಮಷಿನ್ ಇವೆಲ್ಲ ಹೊರಗಿನ ಸಲಕರಣೆ ಅಷ್ಟೇ. ಒಳಗಿನ ಈ ಲೆಕ್ಕವೇ ಅಸಲು ವಿಷಯ. ಇದನ್ನು ಮಾಡಲು ಬ್ಯಾಂಕ್ ಕಾರ್ಡೇ ಬೇಕೆಂದೇನೂ ಇಲ್ಲ. ಒಬ್ಬರ ಒಂದು ದಿನದ, ಒಂದು ವಾರದ ಓಡಾಟವನ್ನು ಸೇರಿಸಿ ನೋಡುವ ವ್ಯವಸ್ಥೆ ಬೇಕು. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯಲ್ಲಿ ಯಾವತ್ತಾದರೂ ಸ್ಮಾರ್ಟ್ ಕಾರ್ಡ್ ಮಾಡಿದರೆ ಮೊದಲು ಈ ಮಿತಿಯನ್ನು ತರಬೇಕು. ಇದನ್ನು ಡಿಪೋದ ಹಳೆಯ ಗೆಳೆಯರಿಗೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಪ್ರವಾಸಿಗರಿಗೆ ವಾರದ ಮಿತಿಯ ಲಾಭ ಪೂರ್ತಿ ಸಿಗದೇ ಹೋಗಬಹುದು. ಗುರುವಾರ ಲಂಡನ್ನಿಗೆ ಇಳಿದರೆ ಭಾನುವಾರಕ್ಕೆ ಲೆಕ್ಕ ಮುಗಿದು, ಸೋಮವಾರ ಹೊಸದಾಗಿ ಶುರುವಾಗುತ್ತದೆ. ವಿಮಾನದ ಟಿಕೆಟ್ ಮಾಡಿಸುವಾಗ ಇದನ್ನು ನೆನಪಿಡಿ.

ನೆಲದಡಿಯ ರೈಲು, ಅಂದರೆ ಟ್ಯೂಬ್, ಇಷ್ಟು ಸರಳ ಇಲ್ಲ. ಊರನ್ನು ಉಂಗುರಗಳ ಹಾಗೆ ಜೋನ್‌ಗಳಾಗಿ ಮಾಡಿದ್ದಾರೆ. ನಡುಮಧ್ಯ ಒಂದನೇ ಜೋನ್. ಹೌನ್ಸ್ಲೋ ಈಸ್ಟ್ ಸ್ಟೇಷನ್ ನಾಲ್ಕನೇ ಜೋನ್. ದೂರದ ಮೇಲೆ ಚಾರ್ಜು, ಮೇಲೆ ಹೊತ್ತಿನ ಲೆಕ್ಕ ಬೇರೆ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಏಳು ಗಂಟೆ ಆಫೀಸಿನ ರಶ್ಶು. ಆಗ ಚಾರ್ಜು ಜಾಸ್ತಿ. ನಮ್ಮಂಥವರು ಹತ್ತು ಗಂಟೆಗೆ ಹೊರಟರೆ ಜೇಬಿಗೂ ಒಳ್ಳೆಯದು, ಕೂರಲು ಸೀಟೂ ಸಿಗುತ್ತದೆ. ಇಲ್ಲಿಯೂ ದಿನದ ಮಿತಿ ಇದೆ. ಒಂದರಿಂದ ಎರಡನೇ ಜೋನಿಗೆ 8.90 ಪೌಂಡ್, ಒಂದರಿಂದ ನಾಲ್ಕಕ್ಕೆ 12.80. ಅದೇ ಮಿತಿಯಲ್ಲಿ ಬಸ್ಸಿನ ಓಡಾಟವೂ ಸೇರುತ್ತದೆ.

ಟ್ಯೂಬಿನಲ್ಲಿ ಹೋಗುವಾಗಲೂ ತಾಗಿಸಬೇಕು, ಹೊರಗೆ ಬರುವಾಗಲೂ ತಾಗಿಸಬೇಕು. ಹೊರಗೆ ತಾಗಿಸದಿದ್ದರೆ ಎಲ್ಲಿಳಿದಿರಿ ಅಂತ ಅವರಿಗೆ ಗೊತ್ತಾಗುವುದಿಲ್ಲ, ಗರಿಷ್ಠ ಚಾರ್ಜು ಹಾಕಿಬಿಡುತ್ತಾರೆ. ಗೇಟ್ ಇರುವ ಕಡೆ ಗೇಟೇ ನೆನಪು ಮಾಡುತ್ತದೆ. ಆದರೆ ಗ್ರೀನಿಚ್ ಕಡೆ ಹೋಗುವ ಡಿಎಲ್‌ಆರ್ ಅನ್ನುವ ಸಣ್ಣ ರೈಲಿನ ಸ್ಟೇಷನ್‌ಗಳಲ್ಲಿ ಬಹಳ ಕಡೆ ಗೇಟೇ ಇಲ್ಲ. ಕಂಬದ ಮೇಲೆ ಮಷಿನ್ ಇರುತ್ತದೆ, ಜನ ನಡೆಯುತ್ತಾ ತಾಗಿಸಿ ಹೋಗುತ್ತಾರೆ. ಹೊಸಬರಿಗೆ ಅದು ಕಣ್ಣಿಗೆ ಬೀಳದೇ ಇರಬಹುದು. ನನಗೆ ಇದು ಸರಿ ಕಾಣಲಿಲ್ಲ. ದುಡ್ಡು ಕೊಡಲು ಸಿದ್ಧ ಇರುವವರಿಗೂ ದಂಡದ ಹಾಗೆ ಜಾಸ್ತಿ ಬೀಳುವ ದಾರಿ ಇದು. ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ವಾಪಸ್ ಕೇಳಬಹುದು, ನಿಜ. ಆದರೆ ವಯಸ್ಸಾದವರು ಅಲ್ಲಿಗೆಲ್ಲ ಹೋಗುತ್ತಾರಾ?

ಟ್ಯೂಬ್ ಹತ್ತಿ ನಾವು ಬಸವಣ್ಣನ ಮೂರ್ತಿ ನೋಡಲು ಹೋದೆವು. ಥೇಮ್ಸ್ ನದಿಯ ದಂಡೆ, ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಹೌನ್ಸ್ಲೋ ಈಸ್ಟಿನಲ್ಲಿ ಪಿಕಡಿಲಿ ಲೈನ್ ಹತ್ತಿ, ಗ್ರೀನ್ ಪಾರ್ಕಿನಲ್ಲಿ ಇಳಿದು, ವಿಕ್ಟೋರಿಯಾ ಲೈನಿಗೆ ಬದಲಾಯಿಸಿ, ಮೂರನೇ ಸ್ಟೇಷನ್ ವಾಕ್ಸ್‌ಹಾಲ್. ಅಲ್ಲಿಂದ ನದಿ ಪಕ್ಕ ನಡೆದರೆ ಸಾಕು. ಗ್ರೀನ್ ಪಾರ್ಕಿನಲ್ಲಿ ಲೈನ್ ಬದಲಾಯಿಸುವಾಗ ಮತ್ತೆ ಕಾರ್ಡ್ ತಾಗಿಸುವುದು ಬೇಡ, ಎಲ್ಲ ಒಂದೇ ಪ್ರಯಾಣ. ಕೆಲವು ಸ್ಟೇಷನ್‌ಗಳಲ್ಲಿ ಗುಲಾಬಿ ಬಣ್ಣದ ಮಷಿನ್ ಇರುತ್ತದೆ. ಊರ ಮಧ್ಯದ ಒಂದನೇ ಜೋನಿಗೆ ಹೋಗದೆ ಹೊರಗಿನಿಂದಲೇ ಸುತ್ತಿ ಹೋಗುವವರು ಅದಕ್ಕೆ ತಾಗಿಸಿದರೆ ಚಾರ್ಜು ಕಡಿಮೆ ಬೀಳುತ್ತದೆ. ಯಾವ ದಾರಿಯಲ್ಲಿ ಬಂದಿರಿ ಅಂತ ತಿಳಿಯಲು ಅವರು ಮಾಡಿದ ಉಪಾಯ. ಬಹಳ ಜಾಣತನದ ಕೆಲಸ ಅನ್ನಿಸಿತು.

ಒಬ್ಬರಿಗೆ ಒಂದು ಕಾರ್ಡ್ ಕಡ್ಡಾಯ. ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡಿನಲ್ಲಿ ಹೋಗಲು ಬರುವುದಿಲ್ಲ. ಬೆಳಿಗ್ಗೆ ಯಾವ ಕಾರ್ಡ್ ತಾಗಿಸಿದಿರೋ ದಿನವಿಡೀ ಅದನ್ನೇ ತಾಗಿಸಬೇಕು. ಬದಲಾಯಿಸಿದರೆ ಲೆಕ್ಕ ಕೂಡುವುದಿಲ್ಲ, ಮಿತಿಯ ಲಾಭ ತಪ್ಪುತ್ತದೆ. ಪಾಕೀಟಿನಲ್ಲಿ ಎರಡು ಮೂರು ಕಾರ್ಡ್ ಇದ್ದರೆ ಪಾಕೀಟನ್ನೇ ಒತ್ತಬೇಡಿ, ಯಾವುದೋ ಕಾರ್ಡಿನಿಂದ ದುಡ್ಡು ಹೋಗುತ್ತದೆ. ಒಂದನ್ನೇ ಹೊರಗೆ ತೆಗೆದು ತಾಗಿಸಿ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಬಸ್ಸಿನಲ್ಲಿ ಚಾರ್ಜು ಇಲ್ಲ. ಟ್ಯೂಬಿನಲ್ಲೂ ದೊಡ್ಡವರ ಜೊತೆ ಇದ್ದರೆ ಇಲ್ಲ. ಮೊಮ್ಮಗನಿಗೆ ನಾವು ಏನೂ ಕೊಡಲಿಲ್ಲ. ಅಲ್ಲಿನ ನಿವಾಸಿಗಳಲ್ಲಿ ಅರವತ್ತು ದಾಟಿದವರಿಗೆ ಬಿಟ್ಟಿ ಪ್ರಯಾಣದ ಕಾರ್ಡ್ ಇದೆ, ಹೊರಗಿನಿಂದ ಬಂದವರಿಗೆ ಅದು ಸಿಗುವುದಿಲ್ಲ.

ಚೆಕಿಂಗ್‌ನವರು ಅಲ್ಲಿಯೂ ಇದ್ದಾರೆ. ಕೈಯಲ್ಲಿ ಸಣ್ಣ ಮಷಿನ್ ಹಿಡಿದು ಬಸ್ ಹತ್ತುತ್ತಾರೆ. ನೀವು ತಾಗಿಸಿದ ಕಾರ್ಡನ್ನೇ ಅವರಿಗೆ ಕೊಡಬೇಕು. ಚಾರ್ಜು ಕೊಡದೆ ಸಿಕ್ಕಿಬಿದ್ದರೆ ದಂಡ 100 ಪೌಂಡ್, 21 ದಿನದೊಳಗೆ ಕಟ್ಟಿದರೆ 50. ಲೈನ್ ಚೆಕಿಂಗ್‌ನವರ ಜೀಪು ಕಂಡರೆ ನಮ್ಮಲ್ಲಿ ಎದೆ ಬಡಿದುಕೊಳ್ಳುವುದು ಮೊದಲು ಕಂಡಕ್ಟರಿಗೆ. ಪ್ರಯಾಣಿಕ ಟಿಕೆಟ್ ತಗೊಂಡಿಲ್ಲ ಅಂದರೆ ಕಂಡಕ್ಟರ್ ಮೇಲೆ ಕೇಸು. ಅಲ್ಲಿ ಹೊಣೆ ಪ್ರಯಾಣಿಕನದ್ದೇ. ಅದು ನ್ಯಾಯವಾದದ್ದು.

ಕಂಡಕ್ಟರುಗಳ ಕಥೆಯನ್ನೂ ಹೇಳಬೇಕು. ಲಂಡನ್ನಿನ ಹಳೆಯ ರೂಟ್‌ಮಾಸ್ಟರ್ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕಂಡಕ್ಟರ್ ಇರುತ್ತಿದ್ದರು. 2005ರ ಡಿಸೆಂಬರ್ 9ರಂದು 159ನೇ ಮಾರ್ಗದಲ್ಲಿ ಅವುಗಳ ನಿತ್ಯದ ಓಡಾಟ ಕೊನೆಯಾಯಿತು. 2012ರಲ್ಲಿ ಹೊಸ ರೂಟ್‌ಮಾಸ್ಟರ್ ಬಂದಾಗ ಕೆಲವು ಮಾರ್ಗಗಳಲ್ಲಿ ಹಿಂಬಾಗಿಲಿಗೆ ಒಬ್ಬರನ್ನು ನಿಲ್ಲಿಸಿದ್ದರು. ಅವರದ್ದು ದುಡ್ಡು ತೆಗೆದುಕೊಳ್ಳುವ ಕೆಲಸ ಅಲ್ಲ, ಜನರನ್ನು ನೋಡಿಕೊಳ್ಳುವ ಕೆಲಸ. 2016ರಲ್ಲಿ ಅವರೂ ಹೋದರು. ಅದೇ 2012ರ ಡಿಸೆಂಬರಿನಲ್ಲಿ ಬಸ್ಸುಗಳಿಗೆ ಬ್ಯಾಂಕ್ ಕಾರ್ಡ್ ಬಂದಿತ್ತು, 2014ರ ಸೆಪ್ಟೆಂಬರಿನಲ್ಲಿ ಟ್ಯೂಬಿಗೂ ಬಂತು.

ನಮ್ಮ ಊರಿನ ಬಸ್ಸಿನಿಂದ ಕಂಡಕ್ಟರನ್ನು ತೆಗೆಯುವುದು ನನಗೆ ಒಪ್ಪಿಗೆ ಇಲ್ಲ. ಚಿಲ್ಲರೆ ಜಗಳ ಹೋಗಲಿ, ಟಿಕೆಟ್ ಹಿಂದೆ ಬಾಕಿ ಬರೆದುಕೊಡುವುದು ಹೋಗಲಿ, ಕಾರ್ಡೂ ಬರಲಿ. ಆದರೆ ಸಿಂಧನೂರಿನ ಕೊನೆಯ ಗಾಡಿಯಲ್ಲಿ ಕ್ರಾಸಿಗೆ ಇಳಿಯುವ ಒಂಟಿ ಹೆಣ್ಣುಮಗಳನ್ನು ಯಾರಾದರೂ ಕರೆಯಲು ಬಂದಿದ್ದಾರಾ ಅಂತ ನೋಡಿ ರೈಟ್ ಅನ್ನುವುದು ಮಷಿನ್ ಕೆಲಸ ಅಲ್ಲ. ಬೋರ್ಡ್ ಓದಲು ಬಾರದ ಅಜ್ಜಿಯನ್ನು ಸರಿಯಾದ ಕಡೆ ಇಳಿಸುವುದೂ ಅಲ್ಲ. ಲಂಡನ್ನಿನಲ್ಲಿ ಮುಂದಿನ ಸ್ಟಾಪ್ ಯಾವುದು ಅಂತ ಧ್ವನಿ ಹೇಳುತ್ತದೆ, ಪರದೆಯ ಮೇಲೂ ಬರುತ್ತದೆ, ಗಾಲಿಕುರ್ಚಿಯವರಿಗೆ ಬಾಗಿಲಿನಿಂದ ಹಲಗೆ ಚಾಚುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಅವರು ಕಂಡಕ್ಟರ್ ಇಲ್ಲದೆ ನಡೆಸುತ್ತಿದ್ದಾರೆ. ಇದ್ಯಾವುದನ್ನೂ ಮಾಡದೆ ಬರೀ ಕಾರ್ಡ್ ಮಷಿನ್ ತಂದು ಕಂಡಕ್ಟರನ್ನು ಇಳಿಸಬಾರದು.

ಹೊರಡುವ ಮೊದಲು ಕಾರ್ಡಿನ ಕೆಲಸ ಇಲ್ಲೇ ಮುಗಿಸಿಕೊಳ್ಳಿ. ಕಾರ್ಡಿನ ಮೇಲೆ ಅಲೆಗಳಂಥ ನಾಲ್ಕು ಬಾಗಿದ ಗೆರೆ ಇರಬೇಕು. ಅದು ಇದ್ದರೆ ಮಾತ್ರ ತಾಗಿಸಲು ಬರುತ್ತದೆ. ಲಂಡನ್ನಿನ ಮಷಿನ್‌ಗಳಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್ ನಡೆಯುತ್ತವೆ. ನಮ್ಮಲ್ಲಿ ಎಷ್ಟೋ ಜನರ ಹತ್ತಿರ ಇರುವುದು ರುಪೇ ಡೆಬಿಟ್ ಕಾರ್ಡ್. ಅದೊಂದನ್ನೇ ನಂಬಿಕೊಂಡು ವಿಮಾನ ಹತ್ತಬೇಡಿ. ಫೋನಿನ ಯುಪಿಐ ಆ ಹಳದಿ ಮಷಿನ್‌ಗೆ ತಾಗುವುದಿಲ್ಲ. ಇನ್ನೊಂದು ಮಾತು. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ಹೊರದೇಶದ ಬಳಕೆಯೂ, ಕಾಂಟ್ಯಾಕ್ಟ್‌ಲೆಸ್ ಅಂದರೆ ತಾಗಿಸಿ ದುಡ್ಡು ಕೊಡುವ ಸೌಲಭ್ಯವೂ ಬಂದ್ ಇರುತ್ತವೆ. ನಾವೇ ಕೇಳಿ ಆನ್ ಮಾಡಿಸಬೇಕು. ದುಡ್ಡು ಸುರಕ್ಷಿತ ಇರಲಿ ಅಂತ ಮಾಡಿದ ನಿಯಮ, ಒಳ್ಳೆಯದೇ. ಎರಡೂ ಬೇರೆ ಬೇರೆ ಬಟನ್. ನನ್ನ ಖಾತೆ ಇರುವ ಶಾಖೆಯಲ್ಲಿ ಹೊರದೇಶದ್ದು ಮಾತ್ರ ಆನ್ ಮಾಡಿ ಎಲ್ಲಾ ಆಯಿತು ಅಂದರು. ಮಗ ಫೋನಿನಲ್ಲಿ ಹೇಳಿದ ಮೇಲೆ ಮತ್ತೆ ಹೋಗಿ ಎರಡನೆಯದನ್ನೂ ಕೇಳಿ ಮಾಡಿಸಿದೆ. ನೀವೂ ಎರಡನ್ನೂ ಬಾಯಿಬಿಟ್ಟು ಕೇಳಿ.

ಹೊರದೇಶದಲ್ಲಿ ಕಾರ್ಡ್ ಬಳಸಿದರೆ ಬಹಳ ಬ್ಯಾಂಕುಗಳು ಶೇ. 3.5ರ ಆಸುಪಾಸು ಹೆಚ್ಚಿಗೆ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ ಬೇರೆ. ಲಂಡನ್ ಸಾರಿಗೆಯವರು ಟ್ಯಾಪ್ ಮಾಡಿದಾಗಲೆಲ್ಲ ಕತ್ತರಿಸದೆ, ದಿನದ ಓಡಾಟವನ್ನೆಲ್ಲ ಕೂಡಿಸಿ ಒಂದೇ ಮೊತ್ತ ತೆಗೆದುಕೊಳ್ಳುತ್ತಾರೆ. ಅದು ಸಮಾಧಾನ. ಪೌಂಡ್ ತುಂಬಿಸಿದ ಫಾರೆಕ್ಸ್ ಕಾರ್ಡ್ ನಮಗೆ ಅನುಕೂಲ ಆಯಿತು, ಇಬ್ಬರಿಗೂ ಒಂದೊಂದು ಮಾಡಿಸಿದ್ದೆವು. ಯಾವ ಕಾರ್ಡೂ ಇಲ್ಲದವರಿಗೆ ಆಯ್ಸ್ಟರ್ ಅಂತ ಅವರದ್ದೇ ಕಾರ್ಡ್ ಇದೆ, 2003ರಿಂದ ನಡೆಯುತ್ತಿದೆ. ಅಂಗಡಿಗಳಲ್ಲಿ ನೋಟು ಕೊಟ್ಟು ತುಂಬಿಸಬಹುದು. ಆದರೆ ಕಾರ್ಡಿನ ಬೆಲೆಯೇ ಪ್ರತ್ಯೇಕ, ಆ ದುಡ್ಡು ವಾಪಸ್ ಬರುವುದಿಲ್ಲ. ಹೀಥ್ರೋ ವಿಮಾನ ನಿಲ್ದಾಣದಿಂದ ಊರೊಳಗೆ ಹೋಗಲು ಎಲಿಜಬೆತ್ ಲೈನ್ ಅನ್ನುವ ರೈಲು ಬೇಗ ಮುಟ್ಟಿಸುತ್ತದೆ, ಪಿಕಡಿಲಿ ಲೈನ್ ಬಹಳ ಅಗ್ಗ. ಎರಡಕ್ಕೂ ಅದೇ ಕಾರ್ಡ್.

ಎಲ್ಲಾ ಊರಲ್ಲೂ ಹೀಗೆ ಅಂತ ತಿಳಿಯಬೇಡಿ. ಸಿಂಗಪುರದಲ್ಲಿ ಬ್ಯಾಂಕ್ ಕಾರ್ಡ್ ನಡೆಯುತ್ತದೆ, ಆದರೆ ಬಸ್ಸಿನಿಂದ ಇಳಿಯುವಾಗಲೂ ತಾಗಿಸಬೇಕು, ಅಲ್ಲಿ ದೂರದ ಲೆಕ್ಕ. ದುಬೈನಲ್ಲಿ ನಾವು ನೋಲ್ ಅನ್ನುವ ಕಾರ್ಡ್ ಕೊಂಡೆವು. ಬೆಳ್ಳಿ ಬಣ್ಣದ್ದು 25 ದಿರ್ಹಮ್, ಅದರಲ್ಲಿ ಓಡಾಡಲು ಸಿಗುವುದು 19. ಮೆಟ್ರೋದಲ್ಲಿ ಒಂದೇ ವಲಯದೊಳಗೆ 3 ದಿರ್ಹಮ್, ಪಕ್ಕದ ವಲಯಕ್ಕೆ 5, ಅದಕ್ಕೂ ಮುಂದೆ 7.50. 3 ದಿರ್ಹಮ್ ಅಂದರೆ ಸುಮಾರು 70 ರೂಪಾಯಿ, ಲಂಡನ್ನಿಗೆ ಹೋಲಿಸಿದರೆ ಬಹಳ ಕಡಿಮೆ. 2009ರ ಸೆಪ್ಟೆಂಬರ್ 9ರಂದು ಶುರುವಾದ ಈ ರೈಲಿಗೆ ಡ್ರೈವರೇ ಇಲ್ಲ. ಹೆಂಗಸರು ಮಕ್ಕಳಿಗೆ ಬೇರೆ ಡಬ್ಬಿ ಇದೆ, ಗಂಡಸರು ಅಲ್ಲಿ ಹತ್ತಿದರೆ ದಂಡ. ರೈಲು ಬಹಳ ಸ್ವಚ್ಛ. ಲೆಕ್ಕದ ವಿಷಯದಲ್ಲಿ ಮಾತ್ರ ನನಗೆ ಲಂಡನ್ನೇ ಮೇಲು. ನೋಲ್‌ನಲ್ಲಿ ದುಡ್ಡು ಮೊದಲೇ ತುಂಬಿಸಬೇಕು, ಎಷ್ಟು ತುಂಬಿಸಬೇಕು ಅಂತ ಅಂದಾಜು ಮಾಡುತ್ತಲೇ ಇರಬೇಕು. ಡೇರಾದಿಂದ ಬರ್ ದುಬೈಗೆ ನೀರಿನ ಮೇಲೆ ಅಬ್ರಾ ಅನ್ನುವ ಮರದ ದೋಣಿ ಹೋಗುತ್ತದೆ. ಅದಕ್ಕೆ 1 ದಿರ್ಹಮ್ ನಾಣ್ಯ ಸಾಕು. ದೋಣಿಯವರು ಓಡಿಸುತ್ತಲೇ ಕೈ ಚಾಚಿ ವಸೂಲು ಮಾಡುತ್ತಾರೆ. ಅವರ ಕೈಚಳಕ ನೋಡಿ ನನಗೆ ಬಹಳ ಖುಷಿಯಾಯಿತು.

ಲಂಡನ್ನಿನಿಂದ ವಾಪಸ್ ಬಂದ ತಕ್ಷಣ ಫಾರೆಕ್ಸ್ ಕಾರ್ಡಿನ ದುಡ್ಡನ್ನೆಲ್ಲ ತೆಗೆದು ಖಾಲಿ ಮಾಡಬೇಡಿ. ಕೊನೆಯ ದಿನದ ಚಾರ್ಜು ದಿನದ ಲೆಕ್ಕ ಮುಗಿದ ಮೇಲೆ ಬೀಳುತ್ತದೆ. ಆಗ ಕಾರ್ಡಿನಲ್ಲಿ ದುಡ್ಡು ಇಲ್ಲದಿದ್ದರೆ ಅದು ಸಾಲವಾಗಿ ಉಳಿಯುತ್ತದೆ, ಅದನ್ನು ತೀರಿಸುವವರೆಗೆ ಆ ಕಾರ್ಡ್ ಅಲ್ಲಿನ ಮಷಿನ್‌ಗಳಲ್ಲಿ ನಡೆಯುವುದಿಲ್ಲ. ನಾವು ಸ್ವಲ್ಪ ಪೌಂಡ್ ಹಾಗೆಯೇ ಬಿಟ್ಟಿದ್ದೆವು. ಕೊನೆಯ ದಿನದ ಮೊತ್ತ ಸ್ಟೇಟ್‌ಮೆಂಟಿನಲ್ಲಿ ಬಂದದ್ದನ್ನು ನೋಡಿಕೊಂಡು, ಆಮೇಲೆ ಬ್ಯಾಂಕಿಗೆ ಹೋಗಿ ಉಳಿದದ್ದನ್ನು ರೂಪಾಯಿ ಮಾಡಿಸಿಕೊಂಡೆವು.